ಮುಚ್ಚಿಟ್ಟ ಸಾಲವನ್ನು ಇಬ್ಬರೂ ಸೇರಿ ಯಾಕೆ ತೀರಿಸಿದಿರಿ?

"ಅವಳು ನಿನಗೆ ಹೇಳದೆ ಮಾಡಿದ ಸಾಲ. ನೀನ್ಯಾಕಪ್ಪ ಕಟ್ಟಿದೆ?"

ಗೆಳೆಯರು ಇದನ್ನು ನೇರವಾಗಿ ಕೇಳುತ್ತಾರೆ, ನೆಂಟರು ಸುತ್ತಿ ಬಳಸಿ ಕೇಳುತ್ತಾರೆ. ಇತ್ತೀಚೆಗೆ ಇದೇ ಇಕ್ಕಟ್ಟಿನಲ್ಲಿರುವವರು ಕೂಡ ಫೋನ್ ಮಾಡಿ ಕೇಳತೊಡಗಿದ್ದಾರೆ. ಇವರ ದನಿಯಲ್ಲಿ ಕುತೂಹಲಕ್ಕಿಂತ ಗಾಬರಿ ಹೆಚ್ಚು. ಮುಖ್ಯವಾಗಿ ಅವರಿಗೆಂದೇ ಬರೆಯುತ್ತಿದ್ದೇನೆ. ಹೆಂಡತಿ ಇದನ್ನು ಓದಿ, ಎರಡು ಕಡೆ ಗೀಟು ಹಾಕಿ, ಒಂದು ಕಡೆ ಸೇರಿಸಿ, "ಈಗ ಹಾಕು" ಎಂದ ಮೇಲೆಯೇ ಹಾಕಿದ್ದು.

ನಡೆದದ್ದು ಇಷ್ಟು. ಕೆಲಸ ಬದಲಾಯಿಸಿದಾಗ ಅವಳ ಸಂಬಳ ಇಳಿಯಿತು. ಮನೆ ಖರ್ಚಿಗೆ ಅವಳು ಹಾಕುತ್ತಿದ್ದ ಪಾಲು ಮಾತ್ರ ಇಳಿಯಲಿಲ್ಲ. ಆ ಖಾಲಿ ಜಾಗವನ್ನು ಕ್ರೆಡಿಟ್ ಕಾರ್ಡ್ ತುಂಬುತ್ತಿತ್ತು. ಮೊದಲನೆಯ ಕಾರ್ಡಿನ ಬಿಲ್ ಕಟ್ಟಲು ಎರಡನೆಯದು ಬಂತು. ಎರಡನೆಯದರಿಂದ ನಗದು ತೆಗೆದು ಮೊದಲನೆಯದಕ್ಕೆ ಕಟ್ಟುವ ಹಂತ ತಲುಪಿದಾಗ ಅವಳಿಗೆ ನಿದ್ದೆ ಹೋಯಿತು, ಆಮೇಲೆ ನನಗೆ ವಿಷಯ ಗೊತ್ತಾಯಿತು. ಒಡವೆ, ಪ್ರವಾಸ, ಜೂಜು ಯಾವುದೂ ಇದರಲ್ಲಿರಲಿಲ್ಲ. ಸ್ಟೇಟ್‌ಮೆಂಟುಗಳ ಸಾಲು ಸಾಲನ್ನು ಓದಿದಾಗ ಅಲ್ಲಿದ್ದದ್ದು ದಿನಸಿ, ಔಷಧಿ, ಕರೆಂಟ್ ಬಿಲ್, ಮಗುವಿನ ಶೂ. ನಾನು ತಿಂದ ಅನ್ನದ ಸಾಲ ನನ್ನದಲ್ಲ ಎನ್ನುವುದು ಹೇಗೆ? ಗೆಳೆಯರಿಗೆ ನಾನು ಕೊಡುವ ಚಿಕ್ಕ ಉತ್ತರ ಇದು. ಅವರು ಸುಮ್ಮನಾಗುತ್ತಾರೆ.

ಗಾಬರಿಯಲ್ಲಿ ಫೋನ್ ಮಾಡುವವರಿಗೆ ಇದು ಸಾಲದು. ಎಲ್ಲರ ಸ್ಟೇಟ್‌ಮೆಂಟಿನಲ್ಲೂ ದಿನಸಿಯೇ ಇರುವುದಿಲ್ಲ. ಅವರಿಗೆ ನಾನು ಹೇಳುವುದು ಬೇರೆ: ಜೊತೆಯಾಗಿ ಕಟ್ಟುವ ಮಾತು ಆಮೇಲೆ, ಮೊದಲು ಜೊತೆಯಾಗಿ ಕೂತು ನೋಡಿ. ನನ್ನ ಅನುಭವದಲ್ಲಿ ಸಾಲ ತೀರಿದ್ದು ನನ್ನ ಸಂಬಳದ ಬಲಕ್ಕಿಂತ ಹೆಚ್ಚಾಗಿ, ಅದು ಇಬ್ಬರ ಕಣ್ಣಿಗೂ ಬಿದ್ದದ್ದರಿಂದ.

ಮುಚ್ಚಿಡುವುದರ ಬಗ್ಗೆ 2020ರಲ್ಲಿ ಜರ್ನಲ್ ಆಫ್ ಕನ್ಸ್ಯೂಮರ್ ರಿಸರ್ಚ್ ಪತ್ರಿಕೆಯಲ್ಲಿ ಎಮಿಲಿ ಗಾರ್ಬಿನ್‌ಸ್ಕಿ ಮತ್ತು ಸಂಗಡಿಗರ ಅಧ್ಯಯನವೊಂದು ಬಂತು. ಸಂಗಾತಿಗೆ ಒಪ್ಪಿಗೆಯಾಗಲಿಕ್ಕಿಲ್ಲ ಎಂದು ಗೊತ್ತಿದ್ದೂ ಹಣದ ವ್ಯವಹಾರವೊಂದನ್ನು ಮಾಡುವುದು, ಮಾಡಿ ಬೇಕೆಂದೇ ತಿಳಿಸದಿರುವುದು, ಈ ಎರಡೂ ಸೇರಿದರೆ ಅದು ಹಣದ ವಿಷಯದ ದ್ರೋಹ ಎಂದು ಅವರು ಗೆರೆ ಎಳೆದರು. ಇಂಥ ಒಲವು ಇರುವವರು ಒಳಗೇನಿದೆ ಎಂದು ತಿಳಿಯದ ಪ್ಯಾಕಿಂಗನ್ನೂ, ಕಣ್ಣಿಗೆ ಬೀಳದ ಅಂಗಡಿಯನ್ನೂ ಹೆಚ್ಚು ಇಷ್ಟಪಡುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿಗಳಲ್ಲಿ ಒಂದು. ಅಂದರೆ ಮುಚ್ಚಿಡುವುದೇ ಒಂದು ದುಡಿಮೆ. ಬಿಲ್ಲು ಯಾವ ಇಮೇಲಿಗೆ ಬರಬೇಕು, ಓಟಿಪಿ ಬರುವಾಗ ಫೋನ್ ಯಾರ ಕೈಯಲ್ಲಿರಬಾರದು, ವಸೂಲಿಯವರ ಕರೆಗೆ ಏನೆಂದು ಉತ್ತರಿಸಬೇಕು ಎಂಬುದನ್ನೆಲ್ಲ ತಲೆಯಲ್ಲಿಟ್ಟುಕೊಂಡೇ ದಿನ ದೂಡಬೇಕು. ಹಾಗೆ ದೂಡುವವರು ಬಡ್ಡಿಯ ಲೆಕ್ಕ ಹಾಕಲು ಕೂರುವುದಿಲ್ಲ. ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕಟ್ಟಲೇಬೇಕೆಂದು ಬಿಲ್ಲು ಕೇಳುವ ಕನಿಷ್ಠ ಮೊತ್ತ, ಅಷ್ಟನ್ನು ಕಟ್ಟಿ ಆ ತಿಂಗಳನ್ನು ದಾಟುತ್ತಾರೆ, ಅಷ್ಟೇ.

ಈ ಮಿನಿಮಮ್ ಡ್ಯೂ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಮನೆ ಮುಳುಗಿಸುವುದು ಇದೇ. ತಿಂಗಳಿಗೆ ಶೇ. 3 ಬಡ್ಡಿ ಎಂದಿಟ್ಟುಕೊಳ್ಳಿ. ಕಿವಿಗೆ ಸಣ್ಣದಾಗಿ ಕೇಳುತ್ತದೆ. ಬಡ್ಡಿಯ ಮೇಲೆ ಬಡ್ಡಿ ಸೇರಿ ವರ್ಷಕ್ಕೆ ಅದು ಶೇ. 42 ದಾಟುತ್ತದೆ. ಬಾಕಿ 1,00,000 ಇದೆ, ಮಿನಿಮಮ್ ಡ್ಯೂ ಬಾಕಿಯ ಶೇ. 5 ಎನ್ನೋಣ. ಮೊದಲ ತಿಂಗಳು 3,000 ಬಡ್ಡಿ ಸೇರುತ್ತದೆ, ನೀವು 5,150 ಕಟ್ಟುತ್ತೀರಿ, ಸಾಲದಲ್ಲಿ ನಿಜವಾಗಿ ಇಳಿಯುವುದು 2,150. ಮುಂದಿನ ತಿಂಗಳು ಬಾಕಿ ಒಂದಿಷ್ಟು ಇಳಿದಿರುತ್ತದಲ್ಲ, ಮಿನಿಮಮ್ ಕೂಡ ಒಂದಿಷ್ಟು ಇಳಿಯುತ್ತದೆ. ಕಟ್ಟುವವರಿಗೆ ಇದು ದಯೆಯಂತೆ ಕಾಣುತ್ತದೆ. ಹೊಸದಾಗಿ ಏನನ್ನೂ ಕೊಳ್ಳದೆ, ಒಂದು ತಿಂಗಳೂ ತಪ್ಪದೆ, ಹೀಗೆ ಐದು ವರ್ಷ ಕಟ್ಟಿದರೆ ಸುಮಾರು 1,74,500 ಕೈಬಿಟ್ಟಿರುತ್ತದೆ. ಇನ್ನೂ ಸುಮಾರು 27,000 ಬಾಕಿ ಇರುತ್ತದೆ!

ಈಗ ಒಂದೇ ಒಂದು ಬದಲಾವಣೆ ಮಾಡಿ. ಮೊದಲ ತಿಂಗಳು ಕಟ್ಟಿದ ಅದೇ 5,150ನ್ನು ಬಿಲ್ಲು ಎಷ್ಟೇ ಕಡಿಮೆ ಕೇಳಿದರೂ ಇಳಿಸದೆ ಕಟ್ಟುತ್ತ ಹೋಗಿ. 30ನೇ ತಿಂಗಳಿಗೆ ಸಾಲ ಮುಗಿಯುತ್ತದೆ, ಒಟ್ಟು ಕಟ್ಟಿದ್ದು 1,52,000ದ ಆಸುಪಾಸು. ಮಿನಿಮಮ್ ಕಟ್ಟುತ್ತಿದ್ದವರಿಗೆ ಅದೇ 30ನೇ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲ ಹಾಗೇ ಇರುತ್ತದೆ. ತಿಂಗಳಿಗೆ 10,000 ಹೊಂದಿಸಿದರೆ ವರ್ಷ ತುಂಬಿ ಒಂದು ಚಿಕ್ಕ ಕಂತು ಮಾತ್ರ ಉಳಿಯುತ್ತದೆ. ಅಮೆರಿಕದಲ್ಲಿ 2009ರಲ್ಲಿ ಬಂದ ಕಾರ್ಡ್ ಕಾಯ್ದೆಯ ಪ್ರಕಾರ, ಮಿನಿಮಮ್ ಮಾತ್ರ ಕಟ್ಟಿದರೆ ಸಾಲ ತೀರಲು ಎಷ್ಟು ಕಾಲ ಬೇಕು, 36 ತಿಂಗಳಲ್ಲಿ ತೀರಿಸಲು ತಿಂಗಳಿಗೆ ಎಷ್ಟು ಕಟ್ಟಬೇಕು ಎಂಬುದನ್ನು ಬಿಲ್ಲಿನ ಮೇಲೆಯೇ ಅಚ್ಚು ಹಾಕಬೇಕು. ಒಳ್ಳೆಯ ಕಾನೂನು. ಆದರೆ ಬಿಲ್ಲನ್ನು ತೆರೆದೇ ನೋಡದವರಿಗೆ ಅದರಿಂದ ಏನು ಪ್ರಯೋಜನ?

ಮೊದಲ ರಾತ್ರಿ ನಾನು ಕೇಳಿದ್ದು "ಎಷ್ಟು?" ಎಂದು. ಅವಳು ಒಂದು ಮೊತ್ತ ಹೇಳಿದಳು. ಮಾರನೆಯ ವಾರ ಅದು ಬೆಳೆಯಿತು, ಆಮೇಲೆ ಇನ್ನೊಂದು ಸಲ ಬೆಳೆಯಿತು. ನನಗೆ ಫೋನ್ ಮಾಡಿದವರೂ ಇದನ್ನೇ ಹೇಳಿದ್ದಾರೆ. ಸಾಲದ ಹಾಗೆ ನಿಜವೂ ಕಂತಿನಲ್ಲಿ ಬರುತ್ತದೆ. ಪ್ರತಿ ಕಂತಿಗೂ ಮೊದಲಿನಷ್ಟೇ ನೋವು. ಇದರಲ್ಲಿ ಎರಡನೆಯ ಸುಳ್ಳನ್ನು ಹುಡುಕಬೇಕಾಗಿಲ್ಲ. ಎಷ್ಟೋ ಸಲ ಸಾಲ ಮಾಡಿದವರಿಗೇ ಒಟ್ಟು ಮೊತ್ತ ಗೊತ್ತಿರುವುದಿಲ್ಲ, ಕೂಡಿ ನೋಡುವ ಧೈರ್ಯ ಆಗಿರುವುದಿಲ್ಲ. ಹಾಗಾಗಿ ಬಾಯಿಮಾತಿನ ಮೊತ್ತವನ್ನು ನೆಚ್ಚಿ ಯಾವ ನಿರ್ಧಾರವನ್ನೂ ಮಾಡಬೇಡಿ. ಅವರ ಹೆಸರಿನ ಕ್ರೆಡಿಟ್ ರಿಪೋರ್ಟ್ ಅವರೇ ತೆಗೆಸಲಿ, ನೀವು ಪಕ್ಕದಲ್ಲಿ ಕೂತಿರಿ. ಅವರ ಹೆಸರಿನಲ್ಲಿ ಬ್ಯಾಂಕುಗಳು ಕೊಟ್ಟ ಕಾರ್ಡು, ಲೋನು ಬಹುಮಟ್ಟಿಗೆ ಅದರಲ್ಲಿ ಇರುತ್ತವೆ. ಗೆಳತಿಯಿಂದ ತಂದ ಕೈಸಾಲ ಇರುವುದಿಲ್ಲ, ಅದನ್ನು ಕೇಳಿಯೇ ತಿಳಿಯಬೇಕು. ನಿಮ್ಮ ರಿಪೋರ್ಟನ್ನೂ ಅದೇ ದಿನ ತೆಗೆಸಿ ಮೇಜಿನ ಮೇಲಿಡಿ. ಒಬ್ಬರದ್ದು ಮಾತ್ರ ತೆರೆದಿಟ್ಟರೆ ಅದು ವಿಚಾರಣೆಯಾಗುತ್ತದೆ.

ಪೂರ್ತಿ ಮೊತ್ತ ಕಾಗದದ ಮೇಲೆ ಬರುವವರೆಗೆ ನಿಮ್ಮ ಉಳಿತಾಯಕ್ಕೆ ಕೈ ಹಾಕಬೇಡಿ. ಪ್ರೀತಿಯೋ ಸಿಟ್ಟೋ, ಆ ಹೊತ್ತಿನ ಆವೇಶದಲ್ಲಿ ಠೇವಣಿ ಮುರಿದು ಒಂದು ಕಾರ್ಡ್ ತೀರಿಸಿ, ತಿಂಗಳು ಕಳೆದ ಮೇಲೆ ಇನ್ನೊಂದು ಕಾರ್ಡ್ ಇದೆ ಎಂದು ತಿಳಿದವರಿದ್ದಾರೆ. ಜಾಮೀನಿನ ಸಹಿಯೂ ಅಷ್ಟೇ. ಒಬ್ಬರ ಹೆಸರಿನ ಕಾರ್ಡಿಗೆ ಬ್ಯಾಂಕು ಕೇಳುವುದು ಸಾಮಾನ್ಯವಾಗಿ ಅವರನ್ನೇ. ಮದುವೆಯಾದ ಮೇಲಿನ ಸಾಲ ಇಬ್ಬರದೂ ಎನ್ನುವ ಕಾನೂನು ಕೆಲವು ಕಡೆ ಇದೆ, ಕ್ಯಾಲಿಫೋರ್ನಿಯಾದಂತೆ. ನೀವಿರುವ ಕಡೆಯ ನಿಯಮವನ್ನು ತಿಳಿದವರಲ್ಲಿ ಕೇಳಿಕೊಳ್ಳಿ. ಆದರೆ ಹಳೆಯ ಕಾರ್ಡುಗಳನ್ನು ತೀರಿಸಲು ಹೊಸ ಲೋನಿಗೆ ಇಬ್ಬರೂ ಸಹಿ ಹಾಕಿದರೆ, ಅಲ್ಲಿಂದ ಮುಂದೆ ಅದು ಎಲ್ಲ ಕಡೆಯೂ ನಿಮ್ಮದೇ ಸಾಲ.

ಕಡಿಮೆ ಬಡ್ಡಿಯ ಪರ್ಸನಲ್ ಲೋನ್ ತೆಗೆದು ಕಾರ್ಡು ತೀರಿಸಬಾರದೇ ಎಂದು ಬಹಳ ಜನ ಕೇಳುತ್ತಾರೆ. ಲೆಕ್ಕದ ಪ್ರಕಾರ ಸರಿ. ನಮ್ಮ ಮನೆಯಲ್ಲಿ ನಾವೂ ಯೋಚಿಸಿದೆವು, ಕೊನೆಗೆ ಬಿಟ್ಟೆವು. ಲೋನ್ ಸಿಕ್ಕ ದಿನ ಕಾರ್ಡುಗಳು ಖಾಲಿಯಾಗಿ, ಪೂರ್ತಿ ಲಿಮಿಟ್ಟಿನೊಂದಿಗೆ ಕೈಗೆ ಸಿಗುತ್ತವೆ. ಸಂಬಳ ಮತ್ತು ಖರ್ಚಿನ ನಡುವಿನ ತೂತು ಮುಚ್ಚುವ ಮೊದಲೇ ಹಾಗಾದರೆ, ವರ್ಷ ಕಳೆಯುವಷ್ಟರಲ್ಲಿ ಲೋನೂ ಇರುತ್ತದೆ, ಕಾರ್ಡಿನ ಬಾಕಿಯೂ ಇರುತ್ತದೆ. ತೂತು ಮುಚ್ಚಿದೆ ಎಂಬ ಖಾತ್ರಿ ಇದ್ದವರು ಧಾರಾಳವಾಗಿ ತೆಗೆದುಕೊಳ್ಳಲಿ, ಪ್ರೊಸೆಸಿಂಗ್ ಫೀ ನೋಡಿಕೊಂಡು.

ನಮ್ಮ ತೂತನ್ನು ಮುಚ್ಚಿದ್ದು ಒಂದು ನೀರಸ ಕೆಲಸ. ಅವಳ ಪಾಲನ್ನು ಅವಳ ಈಗಿನ ಸಂಬಳಕ್ಕೆ ಹೊಂದುವಷ್ಟು ಇಳಿಸಿದೆವು. ಹೇಳಲು ಒಂದು ಸಾಲು. ಆ ಸಾಲನ್ನು ಆಡಲಾಗದೆ ಅವಳು ಅಷ್ಟು ಸಾಲ ಹೊತ್ತಿದ್ದಳು. ಕಾರ್ಡುಗಳನ್ನು ಉಜ್ಜುವುದು ಪೂರ್ತಿ ನಿಂತಿತು. ಇದಕ್ಕೆ ಶಿಸ್ತಿನ ಹೊರತಾಗಿ ಇನ್ನೊಂದು ಕಾರಣವೂ ಇದೆ. ಹಳೆಯ ಬಾಕಿ ಪೂರ್ತಿ ಕಟ್ಟದೆ ಉಳಿಸಿಕೊಂಡಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಇವತ್ತು ಕೊಂಡ ತರಕಾರಿಗೂ ಇವತ್ತಿನಿಂದಲೇ ಬಡ್ಡಿ. ಕಾರ್ಡಿಗೆ ಜೋಡಿಸಿಟ್ಟ ಆಟೋ ಡೆಬಿಟ್ಟುಗಳನ್ನು ಒಂದೊಂದಾಗಿ ಬಿಡಿಸಿದೆವು. ಯಾರೂ ನೋಡದ ಚಂದಾಗಳು ಎಷ್ಟಿದ್ದವೆಂದು ಕೇಳಬೇಡಿ, ಅವುಗಳಲ್ಲಿ ಕೆಲವು ನನ್ನವು.

ಯಾವ ಕಾರ್ಡನ್ನು ಮೊದಲು ತೀರಿಸಬೇಕು ಎಂಬ ಬಗ್ಗೆ ಜನ ಜಗಳವಾಡುತ್ತಾರೆ. ಹೆಚ್ಚು ಬಡ್ಡಿಯದನ್ನು ಮೊದಲು ಎನ್ನುತ್ತದೆ ಗಣಿತ. ಚಿಕ್ಕ ಬಾಕಿಯದನ್ನು ಮೊದಲು ಎನ್ನುತ್ತದೆ ಮನಸ್ಸು. 2012ರಲ್ಲಿ ಡೇವಿಡ್ ಗಾಲ್ ಮತ್ತು ಬ್ಲೇಕ್ಲಿ ಮ್ಯಾಕ್‌ಷೇನ್ ಸಾಲ ತೀರಿಸುತ್ತಿದ್ದವರ ದಾಖಲೆಗಳನ್ನು ನೋಡಿದರು. ಎಷ್ಟು ಹಣ ಕಟ್ಟಿಯಾಗಿದೆ ಎಂಬುದಕ್ಕಿಂತ, ಇರುವ ಖಾತೆಗಳಲ್ಲಿ ಎಷ್ಟು ಪಾಲು ಮುಚ್ಚಿವೆ ಎಂಬುದನ್ನು ನೋಡಿದರೆ ಯಾರು ಕೊನೆ ಮುಟ್ಟುತ್ತಾರೆ ಎಂದು ಚೆನ್ನಾಗಿ ಹೇಳಬಹುದಿತ್ತು. ಕಾರ್ಡುಗಳ ಬಡ್ಡಿ ದರಗಳು ಒಂದಕ್ಕೊಂದು ಹತ್ತಿರವೇ ಇದ್ದರೆ ಕ್ರಮ ಬದಲಾದರೂ ಆಗುವ ನಷ್ಟ ಸಣ್ಣದು. ನಾವು ಚಿಕ್ಕದನ್ನು ಮೊದಲು ಮುಗಿಸಿದೆವು. ಅದರ ಕಂತಿನ ಹಣ ಹಾಗೇ ದೊಡ್ಡದಕ್ಕೆ ಸೇರಿತು. ಕಾರ್ಡಿನಲ್ಲಿ ತೆಗೆದ ನಗದಿಗೆ ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ. ಅದನ್ನು ಮತ್ತೆ ಮುಟ್ಟಲಿಲ್ಲ. "ಇಷ್ಟು ಕಟ್ಟಿ, ಉಳಿದದ್ದು ಬಿಡುತ್ತೇವೆ" ಎಂಬ ಸೆಟಲ್‌ಮೆಂಟ್ ಕರೆಯೂ ಬಂತು. ಕಟ್ಟಲು ದಾರಿಯೇ ಇಲ್ಲದವರಿಗೆ ಅದು ಆಸರೆ, ಆದರೆ ರಿಪೋರ್ಟಿನಲ್ಲಿ ಪೂರ್ತಿ ತೀರಿತು ಎಂದು ಬರುವುದಿಲ್ಲ. ನಮಗೆ ದಾರಿ ಇತ್ತು, ಬೇಡವೆಂದೆವು.

ಇನ್ನು ಎಲ್ಲರಿಗಿಂತ ಹೆಚ್ಚಾಗಿ ಗಂಡಸರು ಕೇಳುವ ಪ್ರಶ್ನೆ: "ಅವಳ ಎಟಿಎಂ ಕಾರ್ಡ್ ತೆಗೆದಿಟ್ಟುಕೊಂಡ್ಯಾ?" ಇಲ್ಲ. ಹಾಗೆ ಮಾಡಿದರೆ ಸಾಲ ಬೇಗ ತೀರಬಹುದೇನೋ. ಆದರೆ ಸಂಬಳ ಇಳಿದದ್ದನ್ನು ಹೇಳಲು ಹೆದರಿದ್ದ ಮನುಷ್ಯಳ ಕೈಯಿಂದ ಆ ಸಂಬಳವನ್ನೂ ಕಿತ್ತುಕೊಂಡರೆ, ಮುಂದಿನ ಸಲ ಅವಳು ಇನ್ನೂ ಚೆನ್ನಾಗಿ ಮುಚ್ಚಿಡಲು ಕಲಿಯುತ್ತಾಳೆ, ಇನ್ನೇನು? ನಾವು ಮಾಡಿಕೊಂಡ ಏರ್ಪಾಡು ಹೀಗಿತ್ತು. ಸ್ಟೇಟ್‌ಮೆಂಟುಗಳು ಇಬ್ಬರ ಇಮೇಲಿಗೂ ಬರುತ್ತವೆ, ನನ್ನವೂ ಸೇರಿ. ಸಂಬಳ ಬಂದ ವಾರ ಒಂದು ಗಂಟೆ ಇಬ್ಬರೂ ಕೂರುತ್ತೇವೆ. ಕಂತನ್ನು ಅವಳೇ ತನ್ನ ಕೈಯಾರೆ ಕಟ್ಟುತ್ತಾಳೆ, ನನ್ನ ಪಾಲು ಅವಳ ಖಾತೆಗೆ ಹೋಗುತ್ತದೆ. ಇಬ್ಬರಿಗೂ ಲೆಕ್ಕ ಕೊಡಬೇಕಿಲ್ಲದ ಒಂದು ಚಿಕ್ಕ ಮೊತ್ತ ಇರುತ್ತದೆ. ಅದು ಎಲ್ಲಿ ಹೋಯಿತು ಎಂದು ಕೇಳುವಂತಿಲ್ಲ. ಆ ಗಂಟೆಯ ಹೊರಗೆ, ಬೇರೆ ಯಾವುದೋ ಜಗಳದ ನಡುವೆ ಸಾಲದ ಮಾತು ತೆಗೆಯುವಂತಿಲ್ಲ. ಈ ಕೊನೆಯದು ಹೆಂಡತಿ ಸೇರಿಸಿದ ಸಾಲು. ಪಾಲಿಸುವುದು ಎಲ್ಲಕ್ಕಿಂತ ಕಷ್ಟದ್ದೂ ಇದೇ, ನನಗೆ.

ಎಲ್ಲರೂ ಹೀಗೇ ಮಾಡಿ ಎಂದು ನಾನು ಹೇಳುವುದಿಲ್ಲ. ಜೂಜಿನ ಸಾಲವಾದರೆ ಮೊದಲು ಜೂಜಿಗೆ ಚಿಕಿತ್ಸೆ ಆಗಬೇಕು, ಅಲ್ಲಿಯವರೆಗೆ ನೀವು ಕಟ್ಟಿದ್ದೆಲ್ಲ ಮುಂದಿನ ಆಟದ ಬಂಡವಾಳ. ರಿಪೋರ್ಟ್ ತೋರಿಸಲು ಒಪ್ಪದವರ, ಒಪ್ಪಿದ ಮೇಲೂ ಹೊಸ ಕಾರ್ಡ್ ತೆಗೆಯುವವರ ಸಾಲಕ್ಕೆ ಹೆಗಲು ಕೊಡಬೇಡಿ. ಬೆದರಿಸಿ ನಿಮ್ಮ ಹೆಸರಿನಲ್ಲೇ ಸಾಲ ತೆಗೆಸಿದವರ ವಿಷಯ ಸಂಸಾರದ ಲೆಕ್ಕದಲ್ಲಿ ಬರುವುದಿಲ್ಲ, ಅದಕ್ಕೆ ವಕೀಲರು ಬೇಕು.

ಕೊನೆಯದಾಗಿ, ತೀರಿಸುವ ಹಂತಕ್ಕೆ ಬಂದವರಿಗೆ ಒಂದು ಮಾತು. ಬಿಲ್ಲಿನಲ್ಲಿದ್ದ ಪೂರ್ತಿ ಮೊತ್ತ ಕಟ್ಟಿದ ಮೇಲೂ ಮುಂದಿನ ತಿಂಗಳು ಇನ್ನೊಂದು ಚಿಕ್ಕ ಬಿಲ್ಲು ಬರುತ್ತದೆ. ನಮಗೂ ಬಂತು, ಅದನ್ನು ನೋಡಿ ಇವಳ ಮುಖ ಬಿಳಿಚಿತು. ಬಿಲ್ಲು ತಯಾರಾದ ದಿನಕ್ಕೂ ನೀವು ಹಣ ಕಟ್ಟಿದ ದಿನಕ್ಕೂ ನಡುವಿನ ಬಡ್ಡಿ ಅದು. ಅದನ್ನೂ ಕಟ್ಟಿ, ಬಾಕಿ ಸೊನ್ನೆ ಎಂದು ಬರಹದಲ್ಲಿ ತೆಗೆದುಕೊಂಡು, ಬೇಡದ ಕಾರ್ಡನ್ನು ಬ್ಯಾಂಕಿಗೆ ತಿಳಿಸಿ ಮುಚ್ಚಿಸಿ. ಕತ್ತರಿಯಿಂದ ಕತ್ತರಿಸಿದ ಮಾತ್ರಕ್ಕೆ ಖಾತೆ ಮುಚ್ಚುವುದಿಲ್ಲ, ವಾರ್ಷಿಕ ಶುಲ್ಕ ಬರುತ್ತಲೇ ಇರುತ್ತದೆ. ನಮ್ಮಲ್ಲಿ ಈಗ ಒಂದೇ ಕಾರ್ಡ್ ಇದೆ, ಲಿಮಿಟ್ ಇಳಿಸಿದ್ದೇವೆ. ಅದು ಅವಳ ಹೆಸರಿನಲ್ಲೇ ಇದೆ.