ಆಚಾರಿಗಳು ಮಾಡಿಕೊಟ್ಟ ಕತ್ತಿ

ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ಹದ ಕೊಟ್ಟು ನಮ್ಮ ಮಲೆನಾಡಿನ ಊರಿನ ಆಚಾರಿಗಳು ಮಾಡಿದ ಕತ್ತಿ ಇಂದು ಕೈಸೇರಿತು. ಅಂಗಡಿಯಲ್ಲಿ ಇದಕ್ಕಿಂತ ನುಣುಪಾದ ಕತ್ತಿಗಳು ಅಗ್ಗಕ್ಕೆ ಸಿಗುತ್ತವೆಯಾದರೂ, ನನ್ನ ಮುಷ್ಟಿಯ ಅಳತೆ ನೋಡಿ ಮರದ ಹಿಡಿ ಕೆತ್ತಿಕೊಡುವವರು ಅಲ್ಲಿಲ್ಲ. ಅಲಗಿನ ಮೈಮೇಲೆ ಸುತ್ತಿಗೆಯ ಏಟಿನ ಸಣ್ಣ ತಗ್ಗುಗಳು ಹಾಗೆಯೇ ಉಳಿದಿವೆ. ಅಂಚಿನಲ್ಲಿ ಮಾತ್ರ ಅರದಿಂದ ಉಜ್ಜಿದ ಬಿಳಿ ಗೆರೆಯೊಂದು ಹೊಳೆಯುತ್ತದೆ. ಈ ಉಕ್ಕು ಒಂದು ರಾತ್ರಿ ಒದ್ದೆಯಾಗಿ ಬಿದ್ದಿದ್ದರೂ ತುಕ್ಕು ಹಿಡಿಯುವುದರಿಂದ, ತೋಟದಿಂದ ಬಂದೊಡನೆ ಒರೆಸಿ ಕೊಬ್ಬರಿ ಎಣ್ಣೆ ಸವರಬೇಕು (ನನ್ನ ತಲೆಗೂ ಇಷ್ಟು ಆರೈಕೆಯಿಲ್ಲ). ಸಂಜೆ ಅದನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡು ಅಡಿಕೆ ತೋಟ ಸುತ್ತಿದವನು, ಯಾರಿಗೂ ಅಡ್ಡಿಯಾಗದಿದ್ದ ಬಳ್ಳಿಗಳನ್ನೂ ಕಡಿದುಬಂದೆನೆಂದು ಒಪ್ಪಿಕೊಳ್ಳುತ್ತೇನೆ.