ಪೆರ್ಲದವನಾ, ಕುಂಬಳೆಯವನಾ?

1992ರಲ್ಲಿ ಮಳೆ ಬಿಟ್ಟು ಕೋರ್ಟು ಒಣಗಿದ ವಾರವೇ ನಮ್ಮಲ್ಲಿ ಆ ಚರ್ಚೆ ಶುರುವಾಯಿತು. ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಇನ್ನು 15 ದಿನ ಇತ್ತು. ಮೊದಲ ಐದು ಮಂದಿಯಲ್ಲಿ ನಾಲ್ವರು ಯಾರೆಂದು ಎಲ್ಲರಿಗೂ ಗೊತ್ತು. ಬಾಲ್ ಹಿಡಿದು ಮುಂದೆ ತರುವವನು ಯಾರು? ಪೆರ್ಲದವನಾ, ಕುಂಬಳೆಯವನಾ?

ಇಬ್ಬರ ಹೆಸರನ್ನೂ ಬರೆಯುವುದಿಲ್ಲ. ಆಗಲೂ ನಮ್ಮ ತಂಡದಲ್ಲಿ ಹೆಸರಿಗಿಂತ ಊರೇ ಜಾಸ್ತಿ ನಡೆಯುತ್ತಿತ್ತು. ನಾನು ಉಪ್ಪಳದವನು. ಮೂರೂ ಕಾಸರಗೋಡು ಕಡೆಯ ಊರುಗಳು. ಎತ್ತರ ಇದ್ದೆ ಎಂದು ಬಾಸ್ಕೆಟ್ ಕೆಳಗೆ ನಿಲ್ಲಿಸಿದ್ದರು. ಬಾಲ್ ಮುಂದೆ ತರುವವನಿಗೆ ಪಾಯಿಂಟ್ ಗಾರ್ಡ್ ಎಂಬ ಮಾತು ನಮಗೆ ಆಮೇಲೆ ಬಂತು. ಆಗ ನಾವು ಹೇಳುತ್ತಿದ್ದದ್ದು ಪ್ಲೇಮೇಕರ್.

ನಮ್ಮ ಕೋರ್ಟು ಮುರಕಲ್ಲಿನ ಮಣ್ಣಿನದು. ಸುಣ್ಣದ ಗೆರೆ ಅರ್ಧ ಗಂಟೆಯಲ್ಲಿ ಕಾಲಡಿಗೆ ಹೋಗಿ ಅಳಿಸಿಹೋಗುತ್ತಿತ್ತು. ಬಾಲ್ ಕೆಂಪು, ಅಂಗೈ ಕೆಂಪು, ಬನಿಯನ್ನು ಎಷ್ಟು ಒಗೆದರೂ ಕೆಂಪು. ಅಂಥ ನೆಲದಲ್ಲಿ ಬಾಲ್ ಒಂದೇ ಥರ ಪುಟಿಯುವುದಿಲ್ಲ. ಸಣ್ಣ ಕಲ್ಲು ಸಿಕ್ಕಿದರೆ ಪಕ್ಕಕ್ಕೆ ಹಾರುತ್ತದೆ. ಅಲ್ಲೂ ಕುಂಬಳೆಯವನ ಡ್ರಿಬಲ್, ಬಾಲ್ ಪುಟಿಸುತ್ತ ಓಡುವುದು, ತಪ್ಪುತ್ತಿರಲಿಲ್ಲ. ಎಡಗೈಯೂ ಒಂದೇ, ಬಲಗೈಯೂ ಒಂದೇ. ಇಬ್ಬರ ನಡುವೆ ನುಗ್ಗಿ ಬಾಸ್ಕೆಟ್ ಹಾಕಿ ಬರುತ್ತಿದ್ದ. ಸಂಜೆ ಅವನ ಆಟ ನೋಡಲೆಂದೇ ಪ್ರೀ-ಡಿಗ್ರಿ ಮಕ್ಕಳು ಬಸ್ಸು ಬಿಟ್ಟು ನಿಲ್ಲುತ್ತಿದ್ದರು.

ಪೆರ್ಲದವನು ಗಿಡ್ಡ. ಅಡಿಕೆ ತೋಟದ ಮನೆಯ ಹುಡುಗ, ಮಾತು ಕಮ್ಮಿ. ಓಡುವಾಗಲೂ ನಡೆಯುವ ಹಾಗೆ ಕಾಣುತ್ತಿತ್ತು. ಬಾಸ್ಕೆಟ್‌ಗೆ ಎಸೆಯುವುದೂ ಅಪರೂಪ. ಆದರೆ ಕೋರ್ಟಿನ ಒಳಗೆ ಹೋದ ಮೇಲೆ ಅವನ ಬಾಯಿ ನಿಲ್ಲುತ್ತಿರಲಿಲ್ಲ. ನಾವು ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು ಎಂದು ಹೇಳುತ್ತಲೇ ಇರುತ್ತಿದ್ದ. ಹೇಳುವುದು ತುಳುವಿನಲ್ಲಿ. ಅದಕ್ಕೆ ಕಾರಣ ಇತ್ತು. ನಮ್ಮ ಕಾಲೇಜು ಆಗ ಕಲ್ಲಿಕೋಟೆ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಎದುರಾಳಿಗಳೆಲ್ಲ ಕಣ್ಣೂರು, ತಲಶ್ಶೇರಿ ಕಡೆಯವರು, ಮಲಯಾಳದವರು. ಮೊದಲು ನಾವು ಒಂಜಿ, ರಡ್ಡ್ ಎಂದು ಸಂಖ್ಯೆ ಹೇಳಿ ಆಡುತ್ತಿದ್ದೆವು. ಅದು ಬೇಡ ಎಂದು ಅವನೇ ತಪ್ಪಿಸಿದ. ತುಳುವಿನ ಒಂಜಿ, ರಡ್ಡಿಗೂ ಮಲಯಾಳದ ಒನ್ನ್, ರಂಡಿಗೂ ಎಷ್ಟು ದೂರ? ಎರಡು ಸಲ ಕೇಳಿದರೆ ಅವರಿಗೆ ಗೊತ್ತಾಗುತ್ತದೆ. ದತ್ತ್ ಎಂದರೆ ಎಡಕ್ಕೆ, ಮಿತ್ತ್ ಎಂದರೆ ಮೇಲಕ್ಕೆ. ಇದು ಅವರಿಗೆ ಗೊತ್ತಾಗಲಿಕ್ಕಿಲ್ಲ ಎಂದ. ಹಾಗೇ ಆಯಿತು.

ಚರ್ಚೆ ಕ್ಯಾಂಟೀನಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕ್ಲಾಸಿನ ಹಿಂದಿನ ಬೆಂಚಿನಲ್ಲಿ ನಡೆಯಿತು. ಆ ವರ್ಷವೇ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಅಮೆರಿಕ ಮೊದಲ ಸಲ ತನ್ನ ವೃತ್ತಿಪರ ಲೀಗ್ ಎನ್‌ಬಿಎಯ ಆಟಗಾರರನ್ನು ಕಳಿಸಿತ್ತು. ನಮ್ಮ ಬಾಯಲ್ಲಿ ಜೋರ್ಡಾನ್, ಮ್ಯಾಜಿಕ್ ಜಾನ್ಸನ್ ಬಿಟ್ಟು ಬೇರೆ ಹೆಸರಿಲ್ಲ. ನಾನು ಕುಂಬಳೆಯವನ ಪಕ್ಷ. ಒಂದೇ ಬಸ್ಸಿನಲ್ಲಿ ಬರುವ ಗೆಳೆತನವೂ ಅದರಲ್ಲಿತ್ತು, ಸುಳ್ಳು ಹೇಳಬಾರದು. ಒಂದು ದಿನ ಜೋರಾಗಿಯೇ ಹೇಳಿದೆ: “ಪೆರ್ಲದವ ಇದ್ರೆ ಸ್ಕೋರ್ ಎಲ್ಲಿಂದ ಬರ್ತದೆ ಮಾರಾಯ? ಅವ ಎಸೆಯುವುದೇ ಇಲ್ಲ.” ತಿರುಗಿ ನೋಡಿದರೆ ಅವನು ಹಿಂದೆಯೇ ಚಹಾ ಲೋಟ ಹಿಡಿದು ನಿಂತಿದ್ದ. ಏನೂ ಹೇಳಲಿಲ್ಲ. ಲೋಟ ಇಟ್ಟು ಹೋದ. ಆ ಮಾತಿಗೆ ನನಗೆ ಇವತ್ತಿಗೂ ಬೇಸರವಿದೆ.

ಮರುದಿನ ಸಂಜೆ ನಮ್ಮ ಸರ್ ಒಂದು ಆಟ ಆಡಿಸಿದರು. ಐದು ಮಂದಿ ಈ ಕಡೆ, ಐದು ಮಂದಿ ಆ ಕಡೆ. ಒಬ್ಬನೂ ಬಾಲ್ ನೆಲಕ್ಕೆ ಬಡಿಯಬಾರದು, ಬರೀ ಪಾಸ್. ಮೊದಲು ಕುಂಬಳೆಯವನು ನಮ್ಮ ಕಡೆ. ಅವನ ಕೈ ಕಟ್ಟಿಹಾಕಿದ ಹಾಗಾಯಿತು. ಪಾಸ್ ಕೊಟ್ಟ, ಚೆನ್ನಾಗಿಯೇ ಕೊಟ್ಟ, ಆದರೆ ನನಗೆ ಸಿಗುವಾಗ ಬಾಲ್ ಒಮ್ಮೆ ಮೊಣಕಾಲಿಗೆ, ಒಮ್ಮೆ ಎದೆಗೆ, ಒಮ್ಮೆ ಬೆನ್ನ ಹಿಂದೆ. ಆಮೇಲೆ ಪೆರ್ಲದವನು ಬಂದ. ಹತ್ತು ನಿಮಿಷ ಆಡಿದೆವು. ಮುಗಿದ ಮೇಲೆ ಸರ್ ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು. “ಬಾಲ್ ಸಿಗುವಾಗ ನಿನ್ನ ಕೈ ಎಲ್ಲಿತ್ತು?”

ನಾನು ಬಲಗೈ ಎತ್ತಿ ತೋರಿಸಿದೆ. ಕಿವಿಯಿಂದ ಒಂದು ಗೇಣು ಮೇಲೆ. ಎಲ್ಲ ಸಲವೂ ಅಲ್ಲೇ. ಬಾಸ್ಕೆಟ್ ಕೆಳಗೆ ನಿಲ್ಲುವವನಿಗೆ ಇದರ ಬೆಲೆ ಗೊತ್ತು. ಅಷ್ಟು ಎತ್ತರದಲ್ಲಿ ಸಿಕ್ಕಿದರೆ ಬಾಲ್ ಕೆಳಗೆ ತರಬೇಕಾಗಿಲ್ಲ. ತಿರುಗಿದರೆ ಸಾಕು, ಎಸೆಯಬಹುದು. ಕೆಳಗೆ ತಂದರೆ ಗಿಡ್ಡ ಹುಡುಗನೂ ಬಡಿದು ಕಸಿದುಕೊಳ್ಳುತ್ತಾನೆ. ಎರಡು ವರ್ಷದಿಂದ ನಾನು ಹಾಕಿದ ಬಾಸ್ಕೆಟ್‌ಗಳಲ್ಲಿ ಎಷ್ಟು ಅವನವು ಎಂದು ಆವತ್ತು ನನ್ನ ಕೈಗೆ ಗೊತ್ತಾಯಿತು. ಹಿಂದಿನ ದಿನ ಕ್ಯಾಂಟೀನಿನಲ್ಲಿ ಅಷ್ಟು ಕೇಳಿಸಿಕೊಂಡೂ ಅವನ ಪಾಸ್ ಒಂದು ಬೆರಳು ಕೆಳಗಿಳಿದಿರಲಿಲ್ಲ.

ಬಹಳ ವರ್ಷ ಕಳೆದ ಮೇಲೆ ಜಾನ್ ಸ್ಟಾಕ್ಟನ್ ಬಗ್ಗೆ ಓದಿದೆ. ಯೂಟಾ ಜಾಝ್ ಎಂಬ ಒಂದೇ ತಂಡಕ್ಕೆ 19 ವರ್ಷ ಆಡಿ, 15,806 ಅಸಿಸ್ಟ್ ಕೊಟ್ಟವರು. ಬಾಸ್ಕೆಟ್ ಆಗುವಂಥ ಪಾಸ್ ಅಷ್ಟು ಸಲ. ಇವತ್ತಿಗೂ ಎನ್‌ಬಿಎಯಲ್ಲಿ ಅದೇ ದಾಖಲೆ. ಅವುಗಳಲ್ಲಿ ಎಷ್ಟೋ ಪಾಸ್ ಹೋದದ್ದು ಅದೇ ತಂಡದ ಕಾರ್ಲ್ ಮಲೋನ್ ಕೈಗೆ. ಎಲ್ಲರೂ ಸ್ಟಾಕ್ಟನ್ ಕಣ್ಣಿನ ಬಗ್ಗೆ ಬರೆಯುತ್ತಾರೆ. ನನಗೆ ಮಾತ್ರ ನೆನಪಾದದ್ದು ಮಲೋನ್ ಕೈ. ಬಾಲ್ ಯಾವ ಎತ್ತರದಲ್ಲಿ ಬಂದಿರಬಹುದು ಎಂದು.

ಪಂದ್ಯಕ್ಕೆ ಬೆಳಗ್ಗಿನ ರೈಲಿನಲ್ಲಿ ಹೋದೆವು. ಕಾಸರಗೋಡು ಬಿಟ್ಟು ಚಂದ್ರಗಿರಿ ಹೊಳೆ ದಾಟುವವರೆಗೂ ಅದೇ ಚರ್ಚೆ. ಕಳನಾಡಿನ ಸುರಂಗದಲ್ಲಿ ಕತ್ತಲಾದಾಗ ಎಲ್ಲರೂ ಸುಮ್ಮನಾದರು. ಬೆಳಕು ಬಂದಾಗ ಸರ್ ಹೇಳಿದರು: “ಪೆರ್ಲದವ ಸ್ಟಾರ್ಟ್ ಮಾಡ್ತಾನೆ.” ಕುಂಬಳೆಯವನು ಕಿಟಕಿಯ ಕಡೆ ಮುಖ ಮಾಡಿದ. ಪಯ್ಯನ್ನೂರು ದಾಟಿದರೂ ತಿರುಗಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಏನು ಹೇಳಬೇಕು ಎಂದು ತಿಳಿಯಲಿಲ್ಲ. ಸರ್ ಎದ್ದು ಬಂದು ಅವನ ಎದುರು ಕೂತರು. “ನೀನು ನನ್ನ ಹತ್ತಿರ ಕೂತು ಹತ್ತು ನಿಮಿಷ ನೋಡು. ಯಾರು ಮೊದಲು ಸುಸ್ತಾಗ್ತಾರೆ ಹೇಳು. ಅವರ ಮೇಲೆ ನಿನ್ನನ್ನು ಬಿಡ್ತೇನೆ.”

ಎದುರಾಳಿಗಳು ಮೊದಲಿನಿಂದಲೇ ಇಡೀ ಕೋರ್ಟಿನಲ್ಲಿ ಪ್ರೆಸ್ ಹಾಕಿದರು, ಅಂದರೆ ನಮ್ಮ ಅರ್ಧಕ್ಕೇ ಬಂದು ಮೈಮೇಲೆ ಬಿದ್ದು ತಡೆದರು. ಆಗಿನ ನಿಯಮದಲ್ಲಿ ನಮ್ಮ ಅರ್ಧದಿಂದ ಬಾಲ್ ಆಚೆ ದಾಟಿಸಲು 10 ಸೆಕೆಂಡು. 2000ದಲ್ಲಿ ಅದನ್ನು 8ಕ್ಕೆ ಇಳಿಸಿದರು. 20 ನಿಮಿಷದ ಎರಡು ಅರ್ಧ ಹೋಗಿ 10 ನಿಮಿಷದ ನಾಲ್ಕು ಭಾಗ ಬಂದದ್ದೂ ಆಗಲೇ. ಇಬ್ಬರು ಮೈಮೇಲೆ ಬಿದ್ದಾಗ 10 ಸೆಕೆಂಡು ಏನೇನೂ ಅಲ್ಲ. ಡ್ರಿಬಲ್ ಮಾಡಿ ದಾಟುತ್ತೇನೆ ಎಂದರೆ ಮೂಲೆಯಲ್ಲಿ ಸಿಕ್ಕಿಬೀಳುತ್ತೀರಿ. ಪೆರ್ಲದವನು ಆ ಇಬ್ಬರು ಹತ್ತಿರ ಬರುವ ಮೊದಲೇ ಬಾಲ್ ಬಿಟ್ಟಿರುತ್ತಿದ್ದ. “ದತ್ತ್! ದತ್ತ್!” ಎಂದು ಅವನ ಕೂಗು. ಅವರು ಓಡಿ ಓಡಿ ದಣಿದರು. ಎರಡನೇ ಅರ್ಧದಲ್ಲಿ ಕುಂಬಳೆಯವನು ಬಂದ. ಬೆಂಚಿನಲ್ಲಿ ಕೂತು ಅವರ ಒಬ್ಬೊಬ್ಬರ ಕಾಲು ನೋಡಿಟ್ಟುಕೊಂಡಿದ್ದ. ಬಂದವನೇ ಆರು ಪಾಯಿಂಟು ಹೊಡೆದ.

ಕೊನೆಯ ನಾಲ್ಕು ನಿಮಿಷ ಸರ್ ಇಬ್ಬರನ್ನೂ ಒಟ್ಟಿಗೆ ಬಿಟ್ಟರು. ಹದಿನೈದು ದಿನ ಚರ್ಚೆ ಮಾಡಿದರೂ ಇಬ್ಬರೂ ಒಟ್ಟಿಗೆ ಆಡಬಹುದು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಒಂದು ಪಾಯಿಂಟಿನಿಂದ ಹಿಂದೆ ಇದ್ದೆವು. ನಾನು ಬಾಸ್ಕೆಟ್ ಕೆಳಗೆ ಬಲಗೈ ಎತ್ತಿ ನಿಂತೆ. ಪೆರ್ಲದವನು ನನ್ನನ್ನೇ ನೋಡಿ “ಮಿತ್ತ್” ಎಂದ. ಅವನ ಕಣ್ಣು ನೋಡಿ ಎದುರಾಳಿಗಳಿಬ್ಬರು ನನ್ನ ಮೇಲೆ ಬಂದು ಬಿದ್ದರು. ಬಾಲ್ ಬರಲಿಲ್ಲ. ಅದು ಆ ಕಡೆಯ ಮೂಲೆಗೆ, ಒಂಟಿಯಾಗಿ ನಿಂತಿದ್ದ ಕುಂಬಳೆಯವನ ಕೈಗೆ ಹೋಗಿತ್ತು.

ಮರುದಿನ ಇನ್ನೊಂದು ಕಾಲೇಜಿನ ಎದುರು ಸೋತು ವಾಪಸ್ ಬಂದೆವು.

ಸರ್ ನಿವೃತ್ತರಾಗುವಾಗ ಆ ಪಂದ್ಯದ ಸ್ಕೋರ್ ಶೀಟಿನ ಪ್ರತಿ ನನಗೆ ಕೊಟ್ಟರು. ಆಗ ಜೆರ್ಸಿ ನಂಬರು 4ರಿಂದ 15ರವರೆಗೆ. ಪೆರ್ಲದವನು 4, ಕುಂಬಳೆಯವನು 7. ಸ್ಟಾರ್ಟ್ ಮಾಡಿದ ಐದು ಮಂದಿಯ ಸಾಲಿನಲ್ಲಿ ಗುಣಿಸುವ ಗುರುತಿಗೆ ಸುತ್ತು ಹಾಕಿದ್ದಾರೆ. 4ರ ಎದುರು ಸುತ್ತು ಇದೆ, 7ರ ಎದುರು ಬರೀ ಗುರುತು. ಕೊನೆಯ ಬಾಸ್ಕೆಟ್‌ನ ಪಕ್ಕದಲ್ಲಿ 7 ಎಂದಿದೆ. ಪಾಸ್ ಕೊಟ್ಟದ್ದು ಯಾರೆಂದು ಬರೆಯಲು ಆ ಹಾಳೆಯಲ್ಲಿ ಜಾಗವೇ ಇಲ್ಲ. ಹಾಗಾಗಿ ಇಲ್ಲಿ ಬರೆದಿದ್ದೇನೆ.