ಈ ಗೆರೆ ಯಾಕೋ?

ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದ ದಿನ, ಮೊದಲು ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಿದ್ದವು. ಆಮೇಲೆ ಒಬ್ಬೊಬ್ಬರೇ ನೆನಪು ಬಿಚ್ಚತೊಡಗಿದರು. ಒಬ್ಬನಿಗೆ ಅವರ ಹಳೇ ಸೈಕಲ್ಲು, ಇನ್ನೊಬ್ಬಳಿಗೆ ಅವರು ಕೈವಾರವಿಲ್ಲದೆ ಬೋರ್ಡಿನ ಮೇಲೆ ಒಂದೇ ಸುತ್ತಿಗೆ ಎಳೆಯುತ್ತಿದ್ದ ವೃತ್ತ. ನನಗೆ ನೆನಪಾದದ್ದು ಫುಟ್‌ಬಾಲ್ ಜೆರ್ಸಿಗಳು. "ಆ ನಿನ್ನ ಜೆರ್ಸಿ ಹುಚ್ಚಿನ ಕಥೆ ಶಾಲೆಯ ಮ್ಯಾಗಜೀನಿಗೆ ಬರಿ" ಎಂದು ಗುಂಪಿನಲ್ಲೇ ಠರಾವು ಪಾಸಾಯಿತು. ಹಾಗಾಗಿ ಬರೆಯುತ್ತಿದ್ದೇನೆ.

ಆ ವರ್ಷ ಓದಿದ ಪಾಠಗಳಲ್ಲಿ ತಲೆಯಲ್ಲಿ ಉಳಿದದ್ದು ಏನೇನೂ ಇಲ್ಲ. ದ್ಯುತಿಸಂಶ್ಲೇಷಣೆಯ ಸಮೀಕರಣ ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ. ಆದರೆ 1994ರ ವಿಶ್ವಕಪ್‌ನಲ್ಲಿ ಮೆಕ್ಸಿಕೋದ ಗೋಲ್‌ಕೀಪರ್ ಹೋರ್ಹೆ ಕಾಂಪೋಸ್ ತೊಟ್ಟಿದ್ದ ಜೆರ್ಸಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗುಲಾಬಿ, ಹಳದಿ, ಹಸಿರು, ಎಲ್ಲವೂ ಒಂದರ ಮೇಲೊಂದು ಜಗಳಕ್ಕೆ ಬಿದ್ದಿದ್ದವು. ಆತ ತನ್ನ ಜೆರ್ಸಿಯ ವಿನ್ಯಾಸ ತಾನೇ ಮಾಡಿಕೊಳ್ಳುತ್ತಾನೆ ಎಂದು ಎಲ್ಲೋ ಓದಿದ್ದೇ ತಡ, ನನ್ನ ರಫ್ ನೋಟ್ಸಿನ ಗತಿ ಮುಗಿಯಿತು. ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ಅಂಗಿಯ ಆಕಾರದ ಅಚ್ಚು ಮಾಡಿಕೊಂಡೆ. ಅದರ ಸುತ್ತ ಪೆನ್ಸಿಲ್ ಓಡಿಸಿದರೆ ಒಂದು ಜೆರ್ಸಿ. ಒಳಗೆ ತುಂಬುವುದು ನನ್ನ ಮತ್ತು ನನ್ನ ಬೆಂಚಿನ ಗೆಳೆಯನ ಕೆಲಸ. ಇರುವ ದೇಶಗಳು ಬೇಗ ಮುಗಿದವು. ಆಮೇಲೆ ಇಲ್ಲದ ಕ್ಲಬ್ಬುಗಳನ್ನು ಹುಟ್ಟಿಸಿದೆವು. ಗ್ರಹಗಳಿಗೆ ಒಂದು ಲೀಗ್ ಇತ್ತು, ಶನಿಯ ಎದೆಗೆ ಅಡ್ಡಪಟ್ಟಿ. ಸಮುದ್ರಗಳಿಗೆ ಇನ್ನೊಂದು ಲೀಗ್.

ನಮಗೆ ಸಿಗುತ್ತಿದ್ದ ಪತ್ರಿಕೆಯ ಚಿತ್ರಗಳೆಲ್ಲ ಕಪ್ಪು-ಬಿಳುಪು. ಯಾವ ತಂಡದ ಬಣ್ಣ ಯಾವುದೆಂದು ತಿಳಿಯದಿದ್ದಾಗ ಅಟ್ಲಾಸಿನ ಹಿಂಬದಿಯ ಬಾವುಟ ನೋಡಿ ಬಣ್ಣ ತುಂಬುತ್ತಿದ್ದೆವು. ಇದನ್ನು ಕಂಡು ನಕ್ಕವರು ಪಿ.ಟಿ. ಮೇಷ್ಟ್ರು. "ಬಾವುಟ ನೋಡಿ ಅಂಗಿ ಹೊಲೀಬೇಡ್ರೋ, ಇಟಲಿ ಬಾವುಟದಲ್ಲಿ ನೀಲಿ ಎಲ್ಲಿದೆ ತೋರ್ಸು" ಅಂದರು. ಇಲ್ಲ. ಇಟಲಿಯ ನೀಲಿ ಅಲ್ಲಿನ ಸವೋಯ್ ರಾಜಮನೆತನದ್ದು, 1911ರಲ್ಲಿ ತಂಡದ ಮೈಮೇಲೆ ಬಂತು. 1946ರಲ್ಲಿ ಜನ ಮತ ಹಾಕಿ ರಾಜನನ್ನು ಮನೆಗೆ ಕಳಿಸಿದರು, ಬಣ್ಣವನ್ನು ಮಾತ್ರ ಉಳಿಸಿಕೊಂಡರು. ನೆದರ್ಲೆಂಡ್ಸಿನ ಕಿತ್ತಳೆಯೂ ಹಾಗೆಯೇ, ಆರೆಂಜ್ ಮನೆತನದಿಂದ ಬಂದದ್ದು. ಜರ್ಮನಿಯ ಬಿಳಿ-ಕಪ್ಪು ಅಲ್ಲಿನ ಹಳೆಯ ಪ್ರಷ್ಯಾ ರಾಜ್ಯದ್ದು. ಬಿಳಿ ಬಾವುಟದಲ್ಲಿ ಕೆಂಪು ಸೂರ್ಯನನ್ನು ಇಟ್ಟುಕೊಂಡ ಜಪಾನ್ ಆಡುವುದು ನೀಲಿಯಲ್ಲಿ. ಪಿ.ಟಿ. ಮೇಷ್ಟ್ರ ಬಳಿ ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ದಪ್ಪ ಪುಸ್ತಕವೊಂದಿತ್ತು. ಮಳೆ ಬಂದು ಮೈದಾನ ಕೆಸರಾದ ದಿನ ಅದು ಹೊರಗೆ ಬರುತ್ತಿತ್ತು. 1978ರ ವಿಶ್ವಕಪ್‌ನಲ್ಲಿ ಫ್ರಾನ್ಸ್ ಮತ್ತು ಹಂಗೇರಿ ಎರಡೂ ಬಿಳಿ ಜೆರ್ಸಿ ಮಾತ್ರ ತಂದು ಪೇಚಿಗೆ ಸಿಕ್ಕಿದ್ದು, ಕೊನೆಗೆ ಫ್ರಾನ್ಸ್ ತಂಡ ಅರ್ಜೆಂಟೀನಾದ ಕಿಂಬರ್ಲಿ ಎಂಬ ಸಣ್ಣ ಕ್ಲಬ್ಬಿನಿಂದ ಹಸಿರು-ಬಿಳಿ ಪಟ್ಟಿಯ ಅಂಗಿ ಕಡ ತಂದು ತಡವಾಗಿ ಮೈದಾನಕ್ಕಿಳಿದದ್ದು, ಇದನ್ನೆಲ್ಲ ಅವರು ತಾವೇ ಮಾರ್ ದೆಲ್ ಪ್ಲಾತಾದ ಸ್ಟೇಡಿಯಮ್ಮಿನಲ್ಲಿ ಕೂತು ನೋಡಿದವರಂತೆ ಹೇಳುತ್ತಿದ್ದರು. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಪ್ರಷ್ಯಾ ಬಂದಾಗ ಇಡೀ ಕ್ಲಾಸಿನಲ್ಲಿ ಅದರ ಬಣ್ಣ ಗೊತ್ತಿದ್ದವರು ನಾವಿಬ್ಬರೇ.

ಡ್ರಾಯಿಂಗ್ ಮೇಷ್ಟ್ರಿಗೆ ಫುಟ್‌ಬಾಲಿನ ಗಂಧವೇ ಇರಲಿಲ್ಲ. ಆಫ್‌ಸೈಡ್ ಅಂದರೇನೆಂದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಹೂಕುಂಡ ಬಿಡಿಸಬೇಕಾದ ಪೀರಿಯಡ್ಡಿನಲ್ಲಿ ನಾನು ಬೆಂಚಿನ ಕೆಳಗೆ ಜೆರ್ಸಿ ಬಿಡಿಸುತ್ತ ಸಿಕ್ಕಿಬಿದ್ದೆ. ನೋಟ್‌ಬುಕ್ ಹರಿಯುತ್ತಾರೆ ಅಂದುಕೊಂಡೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಭುಜದಿಂದ ಸೊಂಟಕ್ಕೆ ಇಳಿದಿದ್ದ ಒಂದು ಪಟ್ಟಿಯ ಮೇಲೆ ಬೆರಳಿಟ್ಟರು.

"ಈ ಗೆರೆ ಯಾಕೋ?"

"ಚೆನ್ನಾಗಿ ಕಾಣ್ಸುತ್ತೆ ಸಾರ್."

"ಯಾರಿಗೆ? ಎಷ್ಟು ದೂರದಿಂದ?"

ಹಾಳೆಯನ್ನು ಬೋರ್ಡಿಗೆ ಚುಚ್ಚಿ ನನ್ನನ್ನು ಹಿಂದಿನ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿದರು. "ಈಗ ಕಣ್ಣು ಕಿರಿದು ಮಾಡ್ಕೊಂಡು ನೋಡು." ನೋಡಿದೆ. ನಾನು ಅರ್ಧ ಗಂಟೆ ತಿದ್ದಿ ತೀಡಿದ್ದ ಪಟ್ಟಿ, ನಕ್ಷತ್ರ, ಕಾಲರಿನ ಅಂಚು ಎಲ್ಲ ಕಲಸಿಹೋಗಿ ಅಲ್ಲೊಂದು ಕಂದು ಮುದ್ದೆ ನೇತಾಡುತ್ತಿತ್ತು. ಅಂದಿನಿಂದ ಅದೇ ಪರೀಕ್ಷೆ. ಕಣ್ಣು ಕಿರಿದು ಮಾಡಿದರೂ ಉಳಿಯುವ ಗೆರೆ ಉಳಿಯಲಿ, ಮಿಕ್ಕದ್ದೆಲ್ಲ ರಬ್ಬರಿಗೆ. ಪತ್ರಿಕೆಯಲ್ಲಿ ಬಣ್ಣವಿಲ್ಲವೆಂದು ನಾವು ಗೊಣಗಿದರೆ, "ಅದೇ ನಿಮ್ಮ ಪುಣ್ಯ. ಕಪ್ಪು-ಬಿಳುಪಲ್ಲೂ ಯಾರು ಯಾವ ಕಡೆಯವರು ಅಂತ ಗೊತ್ತಾದ್ರೆ ಅಂಗಿ ಪಾಸು" ಎನ್ನುತ್ತಿದ್ದರು. ಕೆಂಪೂ ಹಸಿರೂ ಎದುರುಬದುರು ಬಂದರೆ ಬಣ್ಣದಲ್ಲಿ ಹಬ್ಬ, ಬೂದುಛಾಯೆಯಲ್ಲಿ ಎರಡೂ ಒಂದೇ. ಇದನ್ನು ಅವರು ಹೇಳಿಕೊಟ್ಟದ್ದು ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ. ಹಳದಿ ಮತ್ತು ಬಿಳಿ ಒಂದರ ಮೇಲೊಂದು ಬೇಡ, ಗಾಢ ಬಣ್ಣದ ಮೇಲೆ ಇನ್ನೊಂದು ಗಾಢ ಬಣ್ಣ ಬೇಡ ಎಂಬ ಅವರ ನಿಯಮ ಯುರೋಪಿನ ಗುರಾಣಿ-ಲಾಂಛನ ಬರೆಯುವವರು ಮಧ್ಯಯುಗದಿಂದ ಪಾಲಿಸಿಕೊಂಡು ಬಂದದ್ದೇ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಮೇಷ್ಟ್ರಿಗೆ ಅದು ಗೊತ್ತಿತ್ತೋ, ಕಣ್ಣಿನಿಂದಲೇ ಕಂಡುಕೊಂಡಿದ್ದರೋ, ಕೇಳಬೇಕಿತ್ತು.

ಕೆಂಪು-ಹಸಿರಿನ ಮಾತು ಬಂತಲ್ಲ. ನನ್ನ ಬೆಂಚಿನ ಗೆಳೆಯ ಎರಡೂ ಬಣ್ಣಗಳನ್ನು ಅದಲುಬದಲು ಮಾಡುತ್ತಿದ್ದ. ಮೆಕ್ಸಿಕೋ ಅವನ ಕೈಯಲ್ಲಿ ಪೋರ್ಚುಗಲ್ ಆಗಿಬಿಡುತ್ತಿತ್ತು. ನಾವು ಅವನನ್ನು ಗೇಲಿ ಮಾಡಿದ್ದು ಅಷ್ಟಿಷ್ಟಲ್ಲ. ಮೇಷ್ಟ್ರು ಒಂದು ದಿನ ಅವನ ಸ್ಕೆಚ್ ಪೆನ್ನುಗಳನ್ನು ಇಸಿದುಕೊಂಡು ಹೋದರು. ಮರುದಿನ ವಾಪಸು ಕೊಟ್ಟಾಗ ಪ್ರತಿಯೊಂದರ ಮೈಮೇಲೂ ಸಣ್ಣ ಅಕ್ಷರದಲ್ಲಿ ಬಣ್ಣದ ಹೆಸರು ಬರೆದ ಚೀಟಿ ಅಂಟಿತ್ತು. ಕ್ಲಾಸಿಗೆ ಭಾಷಣವಿಲ್ಲ, ವಿವರಣೆಯಿಲ್ಲ. ಗಂಡಸರಲ್ಲಿ ಕೆಂಪು-ಹಸಿರು ಬೇರ್ಪಡಿಸಲಾರದ ಕಣ್ಣಿನವರು ಅಪರೂಪವೇನಲ್ಲ. ಇಂದು ದೊಡ್ಡ ಟೂರ್ನಿಗಳಲ್ಲೂ ಎರಡು ತಂಡಗಳ ಜೆರ್ಸಿ ಗೊತ್ತುಮಾಡುವಾಗ ಅವರ ಮಾತು ಕೇಳಿಬರುತ್ತದೆ. ನಮ್ಮ ಮೇಷ್ಟ್ರು ಅದನ್ನು ಆಗಲೇ ಗೋಂದು, ಚೀಟಿಯಲ್ಲಿ ಮುಗಿಸಿದ್ದರು.

ಅಂಟಾರ್ಕ್ಟಿಕಾದ ರಾಷ್ಟ್ರೀಯ ತಂಡಕ್ಕೆ ನಾನು ಬಿಳಿ ಜೆರ್ಸಿ ಬರೆದು ಎದೆಯ ಮೇಲೆ ಪೆಂಗ್ವಿನ್ ಕೂರಿಸಿದ್ದೆ. ಬಹಳ ಹೆಮ್ಮೆಯಿಂದ ತೋರಿಸಿದೆ. "ಹಿಮದ ಮೇಲೆ ಬಿಳಿ ಅಂಗಿ ತೊಟ್ಟು ನಿಂತೋನಿಗೆ ಪಾಸ್ ಕೊಡೋರ್ಯಾರಪ್ಪ?" ಎಂದರು. ಕಿತ್ತಳೆಗೆ ಬದಲಿಸಿದೆ. ಹಿಮ ಬಿದ್ದ ಮೈದಾನದಲ್ಲಿ ಚೆಂಡೂ ಕಿತ್ತಳೆಯದೇ ಇರುತ್ತದೆ ಎಂದು ಪಿ.ಟಿ. ಮೇಷ್ಟ್ರು ತಕರಾರು ತೆಗೆದರು, ಅಂಗಿಯೇ ಚೆಂಡಿನ ಬಣ್ಣದ್ದಾದರೆ ಹೇಗೆ ಎಂದು. ಇಬ್ಬರು ಮೇಷ್ಟ್ರುಗಳ ನಡುವೆ ಆ ವಿಷಯವಾಗಿ ಸ್ಟಾಫ್ ರೂಮಿನಲ್ಲಿ ವಾದ ನಡೆದದ್ದು ನಮಗೆ ಕಿಟಕಿಯಿಂದ ಕೇಳಿಸಿತು. ಹುಡುಗನೊಬ್ಬನ ರಫ್ ನೋಟ್ಸಿನ ಬಗ್ಗೆ ಇಬ್ಬರು ದೊಡ್ಡವರು ಅಷ್ಟು ಗಂಭೀರವಾಗಿ ಜಗಳವಾಡಿದ್ದನ್ನು ಆಮೇಲೆ ನಾನು ಎಲ್ಲೂ ಕಂಡಿಲ್ಲ. ಕೊನೆಗೆ ಗಾಢ ನೇರಳೆಗೆ ರಾಜಿಯಾಯಿತು. ಆ ಜೆರ್ಸಿ ಈಗಲೂ ನನ್ನ ಬಳಿ ಇದೆ. ಇವತ್ತಿನ ಎಷ್ಟೋ ದೊಡ್ಡ ಕ್ಲಬ್ಬುಗಳ ಜೆರ್ಸಿಗಿಂತ ಚೆನ್ನಾಗಿದೆ ಎಂದರೆ ಜಂಬ ಅನ್ನಬೇಡಿ, ಬೇಕಾದರೆ ಪಕ್ಕದಲ್ಲಿಟ್ಟು ತೋರಿಸುತ್ತೇನೆ.

ಇನ್ನು ಆ ನೋಟಿಸ್ ಬೋರ್ಡಿನ ಪ್ರಕರಣ. ಗುಂಪಿನಲ್ಲಿ ಎಲ್ಲರೂ ಕಾಯುತ್ತಿರುವುದು ಇದಕ್ಕೇ ಎಂದು ಗೊತ್ತು. ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮುನ್ನ ನೋಟಿಸ್ ಬೋರ್ಡಿನಲ್ಲಿ 'ಶಿಕ್ಷಕರ ಇಲೆವೆನ್' ಎಂಬ ದೊಡ್ಡ ಹಾಳೆ ನೇತಾಡುತ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು ಜೆರ್ಸಿ. ತಡವಾಗಿ ಬಂದವರನ್ನು ಗೇಟಿನಲ್ಲೇ ತಡೆಯುತ್ತಿದ್ದ ಹೆಡ್ಮಾಸ್ಟರು ಗೋಲ್‌ಕೀಪರ್. ಇತಿಹಾಸದ ಮೇಷ್ಟ್ರಿಗೆ ಪೆರು ದೇಶದ ಹಾಗೆ ಎದೆಗೆ ಓರೆಪಟ್ಟಿ, ಪಟ್ಟಿಯ ತುಂಬ ಯುದ್ಧಗಳ ಇಸವಿ. ವಿಜ್ಞಾನದ ಮಿಸ್ಸಿಗೆ ಗುಳ್ಳೆ ಗುಳ್ಳೆ. ಕನ್ನಡ ಪಂಡಿತರಿಗೆ ಕನ್ನಡ ಅಂಕಿಯಲ್ಲಿ ೧೦, ಒಮ್ಮೆ ಚೆಂಡು ಸಿಕ್ಕರೆ ಬೆಲ್ಲು ಹೊಡೆದರೂ ಬಿಡುವವರಲ್ಲ ಎಂಬ ಅಡಿಟಿಪ್ಪಣಿ ಸಮೇತ. ಗಣಿತದ ಮೇಷ್ಟ್ರಿಗೆ ಗ್ರಾಫ್ ಹಾಳೆಯ ಕೆಂಪು-ಬಿಳಿ ಚೌಕುಳಿ. 1998ರ ವಿಶ್ವಕಪ್‌ಗೆ ಕ್ರೊಯೇಷಿಯಾ ತಂಡ ಚೌಕುಳಿ ತೊಟ್ಟು ಬಂದು ಮೂರನೇ ಸ್ಥಾನ ಪಡೆದಾಗ ಊರೆಲ್ಲ ಬೆರಗಾಯಿತು. ನಮ್ಮ ಶಾಲೆಯಲ್ಲಿ ಅದು ಹಳೇ ಸುದ್ದಿ, ಮ್ಯಾಗಜೀನ್ ಸಮಿತಿಯವರು ದಾಖಲಿಸಿಕೊಳ್ಳಬೇಕು.

ಪ್ರಾರ್ಥನೆ ಮುಗಿದ ಮೇಲೆ ಹೆಡ್ಮಾಸ್ಟರು "ಯಾರದು ಈ ಕೆಲಸ?" ಎಂದು ಗುಡುಗಿದರು. ಯಾರೂ ಮಿಸುಕಲಿಲ್ಲ. ಹಾಳೆ ಅಷ್ಟರಲ್ಲಿ ಡ್ರಾಯಿಂಗ್ ಮೇಷ್ಟ್ರ ಕಂಕುಳಲ್ಲಿತ್ತು. ಮಧ್ಯಾಹ್ನ ನನ್ನನ್ನು ಡ್ರಾಯಿಂಗ್ ರೂಮಿಗೆ ಕರೆಸಿ ಹಾಳೆ ಬಿಡಿಸಿಟ್ಟರು.

"ಎಲ್ರಿಗೂ ಬಣ್ಣ ಬಳಿದು ನನ್ನೊಬ್ಬನಿಗೇ ಗೆರೆಯೇ ಇಲ್ಲದ ಬಿಳಿ ಅಂಗಿ. ಅದು ಯಾಕೆ ಅಂತ ಗೊತ್ತಿರೋನು ಈ ಶಾಲೇಲಿ ಒಬ್ಬನೇ. ಸಿಕ್ಕಿಬಿದ್ಯಲ್ಲೋ!"

ನಾನು ಬೆಂಚು ನೋಡುತ್ತ ನಿಂತೆ. ಅವರು ಗಣಿತದ ಮೇಷ್ಟ್ರ ಜೆರ್ಸಿ ತೋರಿಸಿದರು. "ಇದನ್ನ ಗೋಡೆಗೆ ಹಚ್ಚಿ ನೋಡಿದ್ಯಾ? ನಂಬರು ಚೌಕುಳೀಲಿ ಮುಳುಗ್ಹೋಗಿದೆ. ಬೆನ್ನಲ್ಲಿ ಒಂದಿಷ್ಟು ಜಾಗ ಖಾಲಿ ಬಿಡು, ನಂಬರು ಅಲ್ಲಿ ಬರಿ." ಶಿಕ್ಷೆ ಏನೆಂದರೆ ಇಡೀ ಇಲೆವೆನ್ ಮತ್ತೆ ಬರೆಯುವುದು, ಮೈದಾನದ ಆಚೆ ತುದಿಯಿಂದ ನಂಬರು ಓದಿಸಿ ಪಾಸಾಗುವುದು. ಪಟ್ಟೆಯ, ಚೌಕುಳಿಯ ಜೆರ್ಸಿಗಳ ಬೆನ್ನಲ್ಲಿ ಇಂದು ನಂಬರಿಗೆಂದೇ ಒಂದೇ ಬಣ್ಣದ ಜಾಗ ಬಿಟ್ಟಿರುವುದನ್ನು ನೋಡಿದಾಗಲೆಲ್ಲ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ. ಹೆಡ್ಮಾಸ್ಟರು ಆಮೇಲೆ ಮೇಷ್ಟ್ರನ್ನು ಒಬ್ಬರನ್ನೇ ಕರೆದು, "ನನ್ನನ್ನ ಫಾರ್ವರ್ಡ್ ಮಾಡಬಹುದಿತ್ತಲ್ರೀ?" ಎಂದು ಕೇಳಿದರಂತೆ.

ಶಾಲೆ ಬಿಟ್ಟ ಮೇಲೂ ನಾನು ಅವರಲ್ಲಿಗೆ ಹೋಗುತ್ತಿದ್ದೆ. 1996ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಸೌತಾಂಪ್ಟನ್‌ನಲ್ಲಿ ಬೂದು ಜೆರ್ಸಿ ತೊಟ್ಟು ಆಡಿ ಮೊದಲಾರ್ಧದಲ್ಲೇ 3-0 ಹಿಂದೆ ಬಿತ್ತು. ಪ್ರೇಕ್ಷಕರ ಗುಂಪಿನ ಹಿನ್ನೆಲೆಯಲ್ಲಿ ಜೊತೆಗಾರರು ಕಾಣಿಸುತ್ತಿಲ್ಲವೆಂದು ಮಧ್ಯಂತರದಲ್ಲಿ ಇಡೀ ತಂಡ ನೀಲಿ-ಬಿಳಿಗೆ ಬದಲಾಯಿತು, ಕೊನೆಗೆ 3-1ರಲ್ಲಿ ಸೋತಿತು. ಸೋಲಿಗೆ ಅಂಗಿಯೊಂದೇ ಕಾರಣವೇ ಎಂದು ಜಗತ್ತು ನಕ್ಕಿತು. ನಾನು ಆ ಸುದ್ದಿಯ ತುಣುಕು ಹಿಡಿದು ಓಡಿದೆ. ಮೇಷ್ಟ್ರು ಕನ್ನಡಕ ಏರಿಸಿ ಓದಿ, "ಅವರ ಶಾಲೇಲಿ ಡ್ರಾಯಿಂಗ್ ಪೀರಿಯಡ್ ಇರಲಿಲ್ವೇನೋ" ಎಂದರು.

ಅವರಿಗೆ ಅತ್ಯಂತ ಇಷ್ಟವಾದದ್ದು ಬ್ರೆಜಿಲ್ ಕಥೆ. 1950ರ ವಿಶ್ವಕಪ್ಪನ್ನು ತವರಿನ ಮರಕಾನಾ ಸ್ಟೇಡಿಯಮ್ಮಿನಲ್ಲೇ ಉರುಗ್ವೆಗೆ ಬಿಟ್ಟುಕೊಟ್ಟಾಗ ಬ್ರೆಜಿಲ್ ತೊಟ್ಟಿದ್ದು ಬಿಳಿ ಜೆರ್ಸಿ. ಆ ಬಿಳಿ ಯಾರಿಗೂ ಬೇಡವಾಯಿತು. 1953ರಲ್ಲಿ ಕೊರೆಯೊ ದ ಮನ್ಯಾ ಪತ್ರಿಕೆ ಹೊಸ ಜೆರ್ಸಿಗೆ ಸ್ಪರ್ಧೆ ಇಟ್ಟಿತು, ಬಾವುಟದ ನಾಲ್ಕೂ ಬಣ್ಣ ಇರಲೇಬೇಕೆಂಬ ಷರತ್ತಿನೊಂದಿಗೆ. ಗೆದ್ದದ್ದು ಉರುಗ್ವೆಯ ಗಡಿಗೆ ಅಂಟಿಕೊಂಡ ಜಗುವರಾವ್ ಎಂಬ ಊರಿನವನಾದ, ಹತ್ತೊಂಬತ್ತರ ಆಸುಪಾಸಿನ ಆಲ್ದಿರ್ ಗಾರ್ಸಿಯಾ ಶ್ಲೀ. ನಾಲ್ಕು ಬಣ್ಣ ಒಂದೇ ಅಂಗಿಯಲ್ಲಿ ಹೊಂದುವುದಿಲ್ಲವೆಂದು ಬರೆದು ಬರೆದು ಕಂಡುಕೊಂಡ ಆತ ಹಳದಿ-ಹಸಿರನ್ನು ಅಂಗಿಗೆ, ನೀಲಿಯನ್ನು ಚಡ್ಡಿಗೆ, ಬಿಳಿಯನ್ನು ಕಾಲುಚೀಲಕ್ಕೆ ಹಂಚಿದ. 1954ರಲ್ಲಿ ತಂಡ ಅದನ್ನು ತೊಟ್ಟಿತು, ಇನ್ನೂ ತೊಡುತ್ತಿದೆ. ತಮಾಷೆಯೆಂದರೆ ಆತನ ಮನಸ್ಸಿದ್ದದ್ದು ಉರುಗ್ವೆ ತಂಡದ ಕಡೆಗೆ. ನಾನು ಇದನ್ನು ಹೇಳಿ ಮುಗಿಸಿದಾಗ ಮೇಷ್ಟ್ರು ಉರುಗ್ವೆಯ ವಿಷಯ ಬಿಟ್ಟು, "ಹಂಚಿದ ನೋಡು! ಅದು ಕೆಲಸ" ಎಂದು ಎರಡೆರಡು ಸಲ ಅಂದರು.

ನಾನೀಗ ಹೊಟ್ಟೆಪಾಡಿಗೆ ಡಬ್ಬಿ, ಲೇಬಲ್ಲುಗಳ ವಿನ್ಯಾಸ ಮಾಡುತ್ತೇನೆ. ಕಿರಿಯರು ನನ್ನ ಮುಂದೆ ಹೊಸ ಲೇಬಲ್ ಇಟ್ಟು ಎದ್ದು ದೂರ ಹೋಗಿ ನಿಲ್ಲುವುದನ್ನು ಕಲಿತಿದ್ದಾರೆ. ನನ್ನ ಮಗಳಿಗೂ ಜೆರ್ಸಿಯ ಹುಚ್ಚಿದೆ. ಫೋನಿನಲ್ಲಿ ಒಂದು ಗಂಟೆಗೆ ಇಡೀ ಲೀಗಿನ ಜೆರ್ಸಿಗಳನ್ನು ಮುಗಿಸುತ್ತಾಳೆ, ಬಣ್ಣದಿಂದ ಬಣ್ಣಕ್ಕೆ ಕರಗುವ ಛಾಯೆ, ಮಿಂಚು, ಹುಲಿಪಟ್ಟೆ. ಸುಂದರವಾಗಿಯೇ ಇರುತ್ತವೆ. ಒಮ್ಮೆ ಬೆರಳಿಟ್ಟು ಕೇಳಿದೆ, ಈ ಗೆರೆ ಯಾಕೆ? "ಅಪ್ಪಾ, ಅದು ಅಲ್ಲೇ ಇತ್ತು" ಎಂದಳು. ಟೆಂಪ್ಲೇಟಿನಲ್ಲಿ ಇತ್ತು. ಅವಳ ತಪ್ಪೇನಿಲ್ಲ, ದೊಡ್ಡ ಕಂಪನಿಗಳದ್ದೂ ಅದೇ ಕಥೆ. ವರ್ಷಕ್ಕೊಂದು ಹೊಸ ಜೆರ್ಸಿ ಮಾರಬೇಕಾದಾಗ ಗೆರೆಗೆ ಕಾರಣ ಹುಡುಕುವ ಪುರುಸೊತ್ತು ಯಾರಿಗಿದೆ? ಅವಳ ಶಾಲೆಯ ವೇಳಾಪಟ್ಟಿಯಲ್ಲಿ ಡ್ರಾಯಿಂಗ್ ಪೀರಿಯಡ್ ಇದೆ, ನಿಜ. ಪರೀಕ್ಷೆ ಹತ್ತಿರ ಬಂದರೆ ಅದನ್ನು ಗಣಿತದವರು ತೆಗೆದುಕೊಳ್ಳುತ್ತಾರೆ. ಪರೀಕ್ಷೆ ಈಗ ಯಾವಾಗಲೂ ಹತ್ತಿರವೇ.

ಕಳೆದ ಪುನರ್ಮಿಲನಕ್ಕೆ ಬಂದಾಗ ನಮ್ಮ ಶಾಲಾ ತಂಡದ ಈಗಿನ ಜೆರ್ಸಿ ನೋಡಿದೆ. ತಿಳಿ ಹಳದಿಯ ಮೇಲೆ ಬಿಳಿ ನಂಬರು. ಪಕ್ಕದಲ್ಲಿ ಕೂತಿದ್ದ ಪಿ.ಟಿ. ಮೇಷ್ಟ್ರು, ಈಗ ಅವರಿಗೆ ಕಣ್ಣು ಮಂಜು, "ಏಳನೇ ನಂಬರಿನವನು ಚೆನ್ನಾಗಿ ಆಡ್ತಾನೆ" ಎಂದರು. ಅವನದು ಒಂದನೇ ನಂಬರು ಎಂದು ನನ್ನ ಲೆಕ್ಕ. ಇಬ್ಬರೂ ಪಟ್ಟು ಬಿಡಲಿಲ್ಲ. ಆಡಳಿತ ಮಂಡಳಿಯವರು ಒಪ್ಪಿದರೆ ಮುಂದಿನ ವರ್ಷದ ಜೆರ್ಸಿ ನಾನೇ ಬರೆದುಕೊಡುತ್ತೇನೆ, ಕಾಸು ಬೇಡ. ಎದೆಯ ಮೇಲೆ ಯಾವ ಪ್ರಾಯೋಜಕರ ಹೆಸರೂ ಬರಕೂಡದು, ನಂಬರು ಕಡುನೀಲಿಯಲ್ಲೇ ಇರಬೇಕು. ಈ ಎರಡು ಷರತ್ತಿಗೆ ಒಪ್ಪಿಗೆಯಿದ್ದರೆ ಮ್ಯಾಗಜೀನ್ ಸಮಿತಿಯ ಮೂಲಕ ತಿಳಿಸಿ.